ದೊಡ್ಡಪ್ಪನ ಜಾವಾ, ಸುಟ್ಟ ಫ್ಯೂಸು, ಮತ್ತು ನಮ್ಮ ಸೀಮೆಯ ರಸ್ತೆಗೆ ಬೆಳಕು ಬಂದ ಕತೆ

ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಆರಿಸುವ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ಕೋಳಿ ಕೂಗೋ ಹೊತ್ತಿಗೊಮ್ಮೆ ಯಾರಾದರೂ ಎದ್ದು ಹೋಗಿ ಸೌದೆ ತಳ್ಳಿ, ಥರ್ಮಾಮೀಟರ್ ನೋಡಿ ಬರಬೇಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಬೆಳೆಗಾರರ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಗುಂಪಿನಲ್ಲಿ ಈ ನಾಲ್ಕೂ ತಾಲ್ಲೂಕಿನವರಿದ್ದೇವೆ. ನಾವೆಲ್ಲ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬ್ಯಾರನ್ ಮುಂದೆ ಗೋಣಿಚೀಲ ಹಾಸಿಕೊಂಡು ಮಲಗಿ ಬೆಳೆದವರೇ.

ಈ ಕತೆ ನಮ್ಮಲ್ಲೊಬ್ಬನ ದೊಡ್ಡಪ್ಪನದು. ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿ. ಮನೆಯಿಂದ ಬ್ಯಾರನ್‌ಗೆ ಒಂದೂವರೆ ಕಿಲೋಮೀಟರು. ಅವರ ಹತ್ತಿರ ಒಂದು ಹಳೇ ಜಾವಾ ಬೈಕಿದೆ. ಹೋದ ವರ್ಷ ಬ್ಯಾರನ್ ಕಾಲದಲ್ಲಿ ಒಂದು ರಾತ್ರಿ ಎರಡು ಗಂಟೆಗೆ, ಕೆರೆ ಏರಿ ಮೇಲೆ ಬರುವಾಗ ಲೈಟು ಪಕ್ಕನೆ ಆರಿತು. ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಏರಿಯ ಒಂದು ಕಡೆ ನೀರು, ಇನ್ನೊಂದು ಕಡೆ ಹಳ್ಳ. ಮೊಬೈಲಿನ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಬೈಕು ತಳ್ಳಿಕೊಂಡು ಮನೆ ಸೇರಿದರು.

ಬೆಳಗ್ಗೆ ನೋಡಿದರೆ ಫ್ಯೂಸು ಹೋಗಿತ್ತು. ಹೊಸದು ಹಾಕಿದರು. ನಾಲ್ಕು ದಿನ ಸರಿಯಾಗಿತ್ತು, ಐದನೇ ರಾತ್ರಿ ಮತ್ತೆ ಹೋಯಿತು. ಹೀಗೆ ಆರು ಫ್ಯೂಸು ಸುಟ್ಟ ಮೇಲೆ ದೊಡ್ಡಪ್ಪನಿಗೆ ರೇಗಿ, ಎಲ್ಲರೂ ಮಾಡುವುದನ್ನೇ ಮಾಡಿದರು. ಸಿಗರೇಟು ಪ್ಯಾಕಿನ ಬೆಳ್ಳಿಕಾಗದವನ್ನು ಸುತ್ತಿ ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದರು. ಎರಡು ದಿನ ಬಿಟ್ಟು ಪೆಟ್ರೋಲ್ ಟ್ಯಾಂಕಿನ ಅಡಿಯಿಂದ ಹೊಗೆ ಬಂತು. ಇಳಿದು ಸೀಟು ಕಿತ್ತು ಬ್ಯಾಟರಿ ವೈರನ್ನು ಎಳೆದು ಹಾಕಿದ್ದಕ್ಕೆ ಬೈಕೂ ಉಳಿಯಿತು, ಅವರೂ ಉಳಿದರು.

ಇದರ ನಡುವೆ ಇನ್ನೊಂದು ಆಗಿತ್ತು. ಪಕ್ಕದ ಬೀದಿಯ ಒಬ್ಬ ಹುಡುಗ ಐಟಿಐ ಓದಿ, ಮನೆ ಮುಂದೆ ಚಪ್ಪರ ಹಾಕಿಕೊಂಡು ಗಾಡಿ ರಿಪೇರಿ ಮಾಡುತ್ತಾನೆ. ಲೈಟು ಆರುವುದಕ್ಕೆ ಒಂದು ತಿಂಗಳ ಮುಂಚೆ ಅವನು ಈ ಜಾವಾದ ಹೆಡ್‌ಲೈಟ್ ಬಿಚ್ಚಿ ಹೊಸ ಬಲ್ಬು ಹಾಕಿಕೊಟ್ಟಿದ್ದ. "ಅವನು ಕೈ ಹಾಕಿದ ಮೇಲೇ ಗಾಡಿ ಕೆಟ್ಟಿದ್ದು" ಅಂತ ದೊಡ್ಡಪ್ಪ ಹಾಲಿನ ಡೇರಿ ಮುಂದೆ ಹತ್ತು ಜನರ ಎದುರಿಗೆ ಹೇಳಿಬಿಟ್ಟರು. ಹಳ್ಳಿಯಲ್ಲಿ ಅಂಥ ಮಾತು ಎಷ್ಟು ಬೇಗ ಹಬ್ಬುತ್ತದೆ ಎನ್ನುವುದು ನಿಮಗೂ ಗೊತ್ತು. ಹುಡುಗನ ಚಪ್ಪರಕ್ಕೆ ಬರುವ ಗಾಡಿ ಕಮ್ಮಿಯಾದವು. ಎರಡು ತಿಂಗಳು ಎರಡು ಮನೆಗೂ ಮಾತಿಲ್ಲ.

ಹೊಗೆ ಬಂದ ಸುದ್ದಿ ಕೇಳಿ ನಾವು ಬೈಕನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹುಣಸೂರಿಗೆ ತಂದೆವು. ಅಲ್ಲಿ ನಲವತ್ತು ವರ್ಷದಿಂದ ಗಾಡಿಗಳ ಕರೆಂಟ್ ಕೆಲಸವನ್ನೇ ಮಾಡುವ ಒಬ್ಬ ಯಜಮಾನರಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಅವರು ಬೈಕು ನೋಡಿ ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ಸ್ಟೂಲಿನ ಮೇಲೆ ಕೂತು, "ಇದ್ರ ಜಾತಕ ಹೇಳ್ರಪ್ಪ" ಅಂದರು. ಯಾವ ವರ್ಷದ್ದು? ಯಾರ ಕೈಯಿಂದ ಬಂತು? ಏನೇನು ಕೂಡಿಸಿದ್ದೀರಿ? ಯಾವಾಗ ಫ್ಯೂಸು ಹೋಗುತ್ತದೆ, ಹಗಲಲ್ಲೋ ರಾತ್ರೀಲೋ, ಹೋಗುವಾಗಲೋ ಬರುವಾಗಲೋ? ನಮಗೆ ಉತ್ತರ ಗೊತ್ತಿರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿ ಕೇಳಿ ಕೇಳಿ ಹೇಳಿದೆವು. ನಮ್ಮ ಈ ಬರಹ ಹುಟ್ಟಿದ್ದು ಆ ಪ್ರಶ್ನೆಗಳಿಂದ.

ಜಾತಕ ಶುರುವಾಗುವುದು ಮೈಸೂರಿನಿಂದ. ಜಾವಾ ಮೂಲದಲ್ಲಿ ಚೆಕೊಸ್ಲೊವಾಕಿಯಾ ದೇಶದ ಬೈಕು. ಯಾನೆಚೆಕ್ ಎನ್ನುವವರು ವಾಂಡರರ್ ಎನ್ನುವ ಜರ್ಮನ್ ಕಂಪನಿಯ ಬೈಕು ತಯಾರಿಸುವ ಹಕ್ಕು ಕೊಂಡಿದ್ದರು. ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯಿತು. ಅದನ್ನು ಇಲ್ಲಿ ತಯಾರಿಸಲು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. 70ರ ದಶಕದಲ್ಲಿ ಬೈಕಿಗೆ ಎಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಮೇಲೂ ಬೈಕುಗಳು ಸಾಯಲಿಲ್ಲ. ಕಿಕ್ಕರನ್ನೇ ಮುಂದಕ್ಕೆ ತಳ್ಳಿದರೆ ಗೇರ್ ಲಿವರ್ ಆಗುವ ಆ ಗಾಡಿ, ಡಬ್ ಡಬ್ ಎನ್ನುವ ಆ ಎರಡು ಸೈಲೆನ್ಸರು, ನಮ್ಮ ಸೀಮೆಯಲ್ಲಿ ಇವತ್ತಿಗೂ ಅಲ್ಲಲ್ಲಿ ಕಾಣುತ್ತವೆ. ಮೈಸೂರಲ್ಲೇ ತಯಾರಾಗುತ್ತಿದ್ದುದರಿಂದ ಬಿಡಿಭಾಗ ಸಿಗುತ್ತಿತ್ತು, ರಿಪೇರಿ ಬಲ್ಲವರೂ ಸಿಗುತ್ತಿದ್ದರು.

ದೊಡ್ಡಪ್ಪನದು ಜಾವಾ ಹೆಸರಿನ ಕಾಲದ ಗಾಡಿ. ಅವರು ಮೂರನೇ ಮಾಲೀಕರು. ಅಂದರೆ ಆ ಬೈಕಿನ ವೈರುಗಳಿಗೆ ಕಡಿಮೆಯೆಂದರೂ ಮೂರು ಮನೆಯವರ ಕೈ ತಗುಲಿದೆ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ರಾತ್ರಿ ಹೊತ್ತು ರಸ್ತೆಯಲ್ಲಿ ಬೆಳಕು ಹಿಡಿದುಕೊಂಡು ಓಡಾಡುವುದು ಈ ಸೀಮೆಗೆ ಹೊಸದಲ್ಲ. ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ಇಲಾಖೆಯ ಕೇಂದ್ರ. ಸೈನ್ಯದ ಗಾಡಿ ಎಳೆಯುವ ದನಗಳ ಲೆಕ್ಕವೆಲ್ಲ ಅಲ್ಲಿಂದಲೇ ನಡೆಯುತ್ತಿತ್ತು. ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿ ಅದರ ಮೇಲೇ ಹಾದುಹೋಗುತ್ತದೆ. ಎತ್ತಿನ ಗಾಡಿಯವರು ಬಿಸಿಲು ತಪ್ಪಿಸಲು ರಾತ್ರಿಯೇ ಪಯಣ ಮಾಡುತ್ತಿದ್ದರು. ಗಾಡಿಯ ಅಚ್ಚಿಗೆ ಒಂದು ಲಾಟೀನು ಕಟ್ಟಿದರೆ ಮುಗಿಯಿತು. ಜನವರಿಯಲ್ಲಿ ಕೆ.ಆರ್. ನಗರದ ಚುಂಚನಕಟ್ಟೆ ದನದ ಜಾತ್ರೆಗೆ ಸಾಲಾಗಿ ಹೋಗುತ್ತಿದ್ದ ಗಾಡಿಗಳ ಅಡಿಯಲ್ಲಿ ತೂಗಾಡುತ್ತಿದ್ದ ಲಾಟೀನುಗಳನ್ನು ನೆನೆಯುವ ಅಜ್ಜಂದಿರು ಈಗಲೂ ಇದ್ದಾರೆ. ಆ ಬೆಳಕು ದಾರಿ ತೋರಿಸುತ್ತಿತ್ತು ಎನ್ನುವುದಕ್ಕಿಂತ, ಇಲ್ಲೊಂದು ಗಾಡಿ ಇದೆ ಅಂತ ಎದುರಿನವರಿಗೆ ಹೇಳುತ್ತಿತ್ತು. ದಾರಿ ಎತ್ತಿಗೆ ಗೊತ್ತಿತ್ತು.

ಲಾಟೀನು ಯಾಕೆ ಆರಿತು ಅಂತ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಎಣ್ಣೆ ಮುಗಿದಿರಬೇಕು, ಇಲ್ಲ ಬತ್ತಿ ಸುಟ್ಟಿರಬೇಕು, ಇಲ್ಲ ಗಾಳಿ. ಮೂರೂ ಕಣ್ಣಿಗೆ ಕಾಣುತ್ತವೆ.

ಮೊದಮೊದಲ ಮೋಟಾರು ಗಾಡಿಗಳ ದೀಪವೂ ಹೆಚ್ಚುಕಡಿಮೆ ಹಾಗೇ. ಅವು ಕಾರ್ಬೈಡ್ ದೀಪಗಳು. ಕ್ಯಾಲ್ಸಿಯಂ ಕಾರ್ಬೈಡ್ ಉಂಡೆಯ ಮೇಲೆ ಹನಿ ಹನಿ ನೀರು ಬೀಳುವಂತೆ ಮಾಡಿದರೆ ಗ್ಯಾಸು ಹುಟ್ಟುತ್ತದೆ, ಅದನ್ನು ಹೊತ್ತಿಸಿದರೆ ಬೆಳ್ಳನೆ ಬೆಳಕು. ಮಾವಿನಕಾಯಿಯನ್ನು ಕಳ್ಳತನದಲ್ಲಿ ಹಣ್ಣು ಮಾಡುವವರು ಬಳಸುವ ಕಾರ್ಬೈಡೇ ಇದು. ಅಮೆರಿಕದ ಕ್ಯಾಡಿಲಾಕ್ ಕಾರು 1912ರಲ್ಲಿ ಕರೆಂಟ್ ಸ್ಟಾರ್ಟರು, ಕರೆಂಟ್ ದೀಪ ಎರಡನ್ನೂ ಹೊತ್ತು ಬಂತು. 1913ರಲ್ಲಿ ಜರ್ಮನಿಯ ಬಾಷ್ ಕಂಪನಿ ಹೆಡ್‌ಲೈಟು, ಡೈನಮೊ, ರೆಗ್ಯುಲೇಟರು ಮೂರನ್ನೂ ಸೇರಿಸಿ ಒಂದೇ ಸೆಟ್ಟಾಗಿ ಮಾರಲು ಶುರುಮಾಡಿತು. ಅಲ್ಲಿಂದ ಮುಂದೆ ಗಾಡಿಯ ಬೆಳಕು ವೈರಿನೊಳಗೆ ಹೋಯಿತು. ಕೆಟ್ಟರೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಯಿತು.

ನಮ್ಮ ರಾಜ್ಯದ ಕರೆಂಟಿನ ಕತೆಯೂ ಅದೇ ಕಾಲದ್ದು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಹಳ್ಳಿಗಳು ಮಾತ್ರ ಹತ್ತಾರು ವರ್ಷ ಕಾದವು. ಹಾಗಾಗಿ ನಮ್ಮ ಕಡೆಯ ಎಷ್ಟೋ ಹಿರಿಯರು ಕಂಡ ಮೊದಲ ಕರೆಂಟ್ ದೀಪ ಮನೆಯದಲ್ಲ, ಬೀದಿಯದಲ್ಲ, ಬಸ್ಸಿನ ಹೆಡ್‌ಲೈಟು. ಸರ್ಕಾರಿ ಬಸ್ಸು ಶುರುವಾಗಿದ್ದು 1948ರಲ್ಲಿ, ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಹೆಸರಲ್ಲಿ. ಸಂಜೆ ಬಸ್ಸು ಬರುವ ಹೊತ್ತಿಗೆ ಏರಿ ಮೇಲೆ ನಿಂತು ದೂರದ ಎರಡು ಕಣ್ಣು ನೋಡುವುದೇ ಆಗಿನ ಮಕ್ಕಳ ಆಟ ಅಂತ ಎಚ್.ಡಿ. ಕೋಟೆ ಕಡೆಯ ನಮ್ಮ ಅಜ್ಜಿಯೊಬ್ಬರು ಹೇಳುತ್ತಾರೆ.

ಬಸ್ಸಿನ ನಂತರ ಸೈಕಲ್ ಡೈನಮೊ. ಟೈರಿಗೆ ಒರಗಿ ಗುರ್ರ್ ಎನ್ನುತ್ತಾ ತಿರುಗುವ ಆ ಸಣ್ಣ ಬಾಟಲಿ. ಲೈಟಿಲ್ಲದೆ ಪೇಟೆಗೆ ಹೋದರೆ ಪೊಲೀಸರು ಹಿಡಿದು ಟೈರಿನ ಗಾಳಿ ಬಿಡುತ್ತಿದ್ದರು ಎನ್ನುವ ಕತೆ ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಒಂದು ಪಾಠ ಅಡಗಿತ್ತು, ಆಗ ಯಾರೂ ಅದನ್ನು ಪಾಠ ಅಂದುಕೊಳ್ಳಲಿಲ್ಲ. ಡೈನಮೊದಿಂದ ದೀಪಕ್ಕೆ ಹೋಗುತ್ತಿದ್ದುದು ಒಂದೇ ವೈರು. ಕರೆಂಟು ವಾಪಸು ಬರಲು ಎರಡನೇ ವೈರು ಎಲ್ಲಿ? ಸೈಕಲ್ಲಿನ ಕಬ್ಬಿಣವೇ ಎರಡನೇ ವೈರು. ಮೆಕ್ಯಾನಿಕ್‌ಗಳು "ಬಾಡಿ ಅರ್ತು" ಅನ್ನುತ್ತಾರಲ್ಲ, ಅದು ಇದೇ.

ಕಾರು, ಬಸ್ಸು, ಟ್ರ್ಯಾಕ್ಟರು, ಬೈಕು ಎಲ್ಲಕ್ಕೂ ಇದೇ ಲೆಕ್ಕ. ಬ್ಯಾಟರಿಯ ಒಂದು ಕೊನೆಯಿಂದ ಕರೆಂಟು ಹೊರಟು, ಫ್ಯೂಸು ದಾಟಿ, ಸ್ವಿಚ್ಚು ದಾಟಿ, ಬಲ್ಬಿನಲ್ಲಿ ಉರಿದು, ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ಇನ್ನೊಂದು ಕೊನೆಗೆ ಬಂದು ಸೇರುತ್ತದೆ. ಅರ್ಧ ವೈರು ಉಳಿಯಿತು, ಗಾಡಿ ಅಗ್ಗವಾಯಿತು. ಆದರೆ ಇದರಲ್ಲೇ ಒಂದು ಅಪಾಯವೂ ಸೇರಿಕೊಂಡಿತು. ವೈರಿನ ಮೇಲಿನ ಸಿಪ್ಪೆ ಎಲ್ಲಿಯಾದರೂ ಉಜ್ಜಿ ಹೋಗಿ ಒಳಗಿನ ತಾಮ್ರ ಬಾಡಿಗೆ ತಗುಲಿತೋ, ಕರೆಂಟು ಬಲ್ಬಿನ ತನಕ ಹೋಗುವ ಗೋಜಿಗೇ ಹೋಗುವುದಿಲ್ಲ. ಕಾಲುವೆ ಏರಿ ಒಡೆದರೆ ನೀರು ಗದ್ದೆಗೆ ಹೋಗದೆ ಹತ್ತಿರದ ಹಳ್ಳಕ್ಕೆ ನುಗ್ಗುವ ಹಾಗೆ. ಅದಕ್ಕೇ ಶಾರ್ಟು ಅನ್ನುವುದು. ತಡೆಯುವ ಬಲ್ಬು ಇಲ್ಲದ್ದರಿಂದ ಕರೆಂಟು ಹತ್ತು ಪಟ್ಟು ಹರಿಯಬಹುದು, ವೈರು ಕಾಯುತ್ತದೆ. ಎಲ್ಲಕ್ಕಿಂತ ತೆಳುವಾದದ್ದು ಮೊದಲು ಸಾಯಲಿ ಅಂತ ಫ್ಯೂಸು ಇಟ್ಟಿರುತ್ತಾರೆ. ಬೆಳ್ಳಿಕಾಗದ ಸುತ್ತಿದರೆ ಆ ತೆಳುವಾದ ಜಾಗ ಇಲ್ಲವಾಗುತ್ತದೆ. ಆಮೇಲೆ ಸುಡುವ ಸರದಿ ವೈರಿನದು.

ಜಾವಾದಲ್ಲಿ ಇನ್ನೊಂದು ತೊಡಕು. ಅದು 6 ವೋಲ್ಟಿನ ಗಾಡಿ. ಈಗಿನವೆಲ್ಲ 12. ಹೆಡ್‌ಲೈಟಿಗೆ 35 ವ್ಯಾಟ್ ಬಲ್ಬು ಅಂತ ಲೆಕ್ಕ ಹಿಡಿಯಿರಿ. 12 ವೋಲ್ಟಿನಲ್ಲಿ ಅದು 3 ಆಂಪಿಯರ್‌ಗಿಂತ ಸ್ವಲ್ಪ ಕಮ್ಮಿ ಎಳೆಯುತ್ತದೆ. 6 ವೋಲ್ಟಿನಲ್ಲಿ ಅದೇ ಬೆಳಕಿಗೆ 6 ಆಂಪಿಯರ್ ಹತ್ತಿರ ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ತುಕ್ಕು ಹಿಡಿದ ಒಂದು ಜಾಯಿಂಟು ಸಾಕು, ಲೈಟು ಕೆಂಪಗೆ ಹಣತೆಯಂತಾಗುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪುಗಳೂ 6 ವೋಲ್ಟಿನವೇ. 50ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು 12ಕ್ಕೆ ಬದಲಾದವು. ನಮ್ಮಲ್ಲಿ ಬೈಕುಗಳು ಆ ಕಡೆ ವಾಲಿದ್ದು 80ರ ದಶಕದಲ್ಲಿ ಜಪಾನಿನವರ ಜೊತೆ ಸೇರಿದ ಕಂಪನಿಗಳು ಬಂದ ಮೇಲೆ. "ಜಾವಾ ಲೈಟು ಇಂಜಿನ್ ರೈಸ್ ಮಾಡಿದ್ರೆ ಮಾತ್ರ ಕಾಣ್ತದೆ" ಎಂಬ ಹಳೆಯ ಗೇಲಿಯ ಹಿಂದೆ ಈ ಲೆಕ್ಕವೂ ಇದೆ.

ಮಂದ ಬೆಳಕನ್ನು ಸಹಿಸದ ಜನ ತಮಗೆ ತೋಚಿದ್ದನ್ನು ಕೂಡಿಸುತ್ತಾ ಹೋದರು. ಒಬ್ಬ ಮಾಲೀಕ ಜೋರು ಹಾರನ್ ಹಾಕಿಸಿದ. ಇನ್ನೊಬ್ಬ ಇಂಡಿಕೇಟರ್ ಹಾಕಿಸಿದ, ಅದಕ್ಕೆ ಟೈಲ್ ಲೈಟಿನ ವೈರನ್ನು ಕತ್ತರಿಸಿ ಹೆಣೆದ. ಹೆಣೆದ ಜಾಗಕ್ಕೆ ಕಪ್ಪು ಟೇಪು. ಮಳೆಗಾಲದಲ್ಲಿ ಟೇಪಿನ ಅಂಟು ಬಿಟ್ಟಿತು, ಅದರ ಮೇಲೆ ಇನ್ನೊಂದು ಸುತ್ತು. ಹುಣಸೂರಿನ ಯಜಮಾನರು ಸೀಟು, ಟ್ಯಾಂಕು ಬಿಚ್ಚಿ ಇದನ್ನೆಲ್ಲ ನಮಗೆ ಒಂದೊಂದಾಗಿ ತೋರಿಸಿದರು. ಬಟ್ಟೆಯ ಹೊದಿಕೆಯ ವೈರು ಹಳೆಯದು, ಪ್ಲಾಸ್ಟಿಕ್ಕಿನದು ಆಮೇಲಿನದು. ಒಂದು ಕಡೆ ವೈರಿಗೆ ಬೀಡಿ ಕಟ್ಟುವ ದಾರದ ಸುತ್ತು. "ಇದು ಟೇಪು ಸಿಗ್ದಿದ್ದಾಗ ಮಾಡಿರೋದು" ಅಂದರು. ಊರಿನ ಹಳೇ ದಾಖಲೆ ಹುಡುಕಿ ನಾವು ತಾಲ್ಲೂಕು ಕಚೇರಿಗೆ ಅಲೆದಿದ್ದೇವೆ. ಒಂದು ಬೈಕಿನ ಟ್ಯಾಂಕಿನ ಅಡಿಯಲ್ಲಿ ಇಷ್ಟೊಂದು ದಾಖಲೆ ಇರುತ್ತದೆ ಅಂತ ನಮಗೆ ಗೊತ್ತಿರಲಿಲ್ಲ.

ಈಗ ಹುಡುಕುವ ಕೆಲಸ. ಸ್ವಲ್ಪ ನಿಧಾನವಾಗಿ ಹೇಳುತ್ತೇವೆ, ನಿಮ್ಮ ಗಾಡಿಗೂ ಬೇಕಾದೀತು.

ಅವರ ಕೈಯಲ್ಲಿದ್ದುದು ಒಂದು ಹಳೇ ಹೆಡ್‌ಲೈಟ್ ಬಲ್ಬು, ಅದಕ್ಕೆ ಬೆಸೆದ ಎರಡು ವೈರಿನ ತುಂಡು. 6 ವೋಲ್ಟಿನ ಗಾಡಿಗೆ 6 ವೋಲ್ಟಿನದು, 12ರ ಗಾಡಿಗೆ 12ರದು. ಸುಟ್ಟ ಫ್ಯೂಸನ್ನು ತೆಗೆದು ಅದರ ಎರಡು ಕೊನೆಯ ನಡುವೆ ಈ ಬಲ್ಬನ್ನು ಸಿಕ್ಕಿಸಿದರು. ಇದರ ಗುಟ್ಟು ಇಷ್ಟೇ. ಮುಂದೆ ಎಲ್ಲೋ ಶಾರ್ಟ್ ಇದ್ದರೆ ಕರೆಂಟೆಲ್ಲ ಈ ಬಲ್ಬನ್ನು ದಾಟಿಯೇ ಹೋಗಬೇಕು. ಬಲ್ಬು ಪೂರ್ತಿ ಉರಿಯುತ್ತದೆ, ಆದರೆ ತನ್ನ ಪಾಲಿಗಿಂತ ಹೆಚ್ಚು ಕರೆಂಟನ್ನು ಹೋಗಗೊಡುವುದಿಲ್ಲ. ವೈರು ಸುಡುವುದಿಲ್ಲ, ಫ್ಯೂಸು ದಂಡವಾಗುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು. ಹುಡುಕುತ್ತಾ ಹೋದ ಹಾಗೆ ಯಾವ ವೈರು ಬಿಚ್ಚಿದಾಗ ಬಲ್ಬು ಆರುತ್ತದೋ ಕಳ್ಳ ಆ ಕವಲಿನಲ್ಲಿದ್ದಾನೆ.

ಒಂದು ಎಚ್ಚರ ಹೇಳಿದರು. ಗಾಡಿಯ ಬಲ್ಬುಗಳೆಲ್ಲ ಜಾಗದಲ್ಲೇ ಇದ್ದರೆ ಅವೂ ಕರೆಂಟು ಎಳೆಯುತ್ತವೆ, ಪರೀಕ್ಷೆಯ ಬಲ್ಬು ಮಂದವಾಗಿ ಉರಿದು ದಾರಿ ತಪ್ಪಿಸುತ್ತದೆ. ಅದಕ್ಕೆ ಹೆಡ್‌ಲೈಟು, ಪಾರ್ಕಿಂಗು, ಮೀಟರು, ಟೈಲು, ಬ್ರೇಕು ಎಲ್ಲ ಬಲ್ಬನ್ನೂ ಮೊದಲೇ ಕಿತ್ತಿಟ್ಟರು. ಹಾರನ್ನು, ಕಾಯಿಲಿನ ವೈರೂ ಬಿಚ್ಚಿದರು. ಇನ್ನು ಲೈಟಿನ ಸ್ವಿಚ್ ಹಾಕಿದರೂ ಕರೆಂಟು ಹೋಗಲು ಎಲ್ಲೂ ದಾರಿಯಿಲ್ಲ. ಹೋಯಿತೆಂದರೆ ಕಳ್ಳದಾರಿಯಲ್ಲೇ ಹೋಗಬೇಕು.

ಸ್ವಿಚ್ ಹಾಕಿದರು. ಬಲ್ಬು ಉರಿಯಲಿಲ್ಲ.

ನಮ್ಮ ಮುಖ ಸಪ್ಪಗಾಯಿತು. ಅವರು ಹ್ಯಾಂಡಲ್ಲನ್ನು ಎಡಕ್ಕೆ ಕೊನೆತನಕ, ಬಲಕ್ಕೆ ಕೊನೆತನಕ ತಿರುಗಿಸಿದರು. ವೈರು ಉಜ್ಜುವ ಮೊದಲ ಜಾಗ ಅದು, ಹ್ಯಾಂಡಲ್ ತಿರುಗುವ ಕುತ್ತಿಗೆ. ಏನೂ ಇಲ್ಲ. ಹೆಡ್‌ಲೈಟಿನ ಬುರುಡೆಯ ಒಳಗೆ, ಪಕ್ಕದ ಬೀದಿಯ ಹುಡುಗ ಕೈ ಹಾಕಿದ್ದ ಜಾಗದಲ್ಲಿ, ಒಂದೊಂದೇ ವೈರನ್ನು ಅಲುಗಾಡಿಸಿದರು. ಏನೂ ಇಲ್ಲ. "ಇಲ್ಲಿ ಕೆಲ್ಸ ಮಾಡಿರೋನು ಯಾರೋ, ನೀಟಾಗಿ ಮಾಡವ್ನೆ" ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳ್ಳಿಕಾಗದದ ದಿನ ಟ್ಯಾಂಕಿನ ಅಡಿ ಸುಟ್ಟಿದ್ದ ಮೂರು ಇಂಚು ವೈರು ಸಿಕ್ಕಿತು. ಆದರೆ ಅದು ಬೇರೆಲ್ಲೋ ಆದ ಶಾರ್ಟಿನಿಂದ ಕಾದು ಸುಟ್ಟಿದ್ದು. ಹೊಗೆ ಬಂದ ಜಾಗವೇ ಕೆಟ್ಟ ಜಾಗ ಅಂತ ತಿಳಿಯುವುದು ನಾವೆಲ್ಲ ಮಾಡುವ ತಪ್ಪು. ಅದನ್ನು ಬದಲಾಯಿಸಿ ಮತ್ತೆ ಸ್ವಿಚ್ ಹಾಕಿದರು. ಉರಿಯಲಿಲ್ಲ.

ಆಗ ಅವರು ಮತ್ತೆ ಜಾತಕಕ್ಕೆ ಬಂದರು. "ಫ್ಯೂಸು ಹೋಗಿದ್ದು ಹೋಗುವಾಗ್ಲಾ, ಬರುವಾಗ್ಲಾ? ಸರಿಯಾಗಿ ಕೇಳ್ರಪ್ಪ."

ಫೋನ್ ಹಚ್ಚಿದೆವು. ದೊಡ್ಡಪ್ಪ ಯೋಚನೆ ಮಾಡಿ ಹೇಳಿದರು: ಮೊದಲನೇ ಸಲ ಬರುವಾಗ, ಹಿಂದೆ ಒಂದು ಹೊರೆ ಸೌದೆ ಇತ್ತು, ಮನೆ ಒಲೆಗೆ ಅಂತ ತಂದಿದ್ದು. ಎರಡನೇ ಸಲ ಗೊಬ್ಬರದ ಮೂಟೆ. ಇನ್ನೊಂದು ಸಲ ಆಳಿನವನು ಕ್ಯಾರಿಯರ್ ಮೇಲೆ ಕೂತಿದ್ದ.

ಯಜಮಾನರು ನಗಾಡಿದರು. ನಮ್ಮಲ್ಲಿ ಎಲ್ಲರಿಗಿಂತ ದಪ್ಪಗಿರುವವನನ್ನು ತೋರಿಸಿ, "ಬಾ ಮಗ, ಹಿಂದೆ ಕೂತ್ಕೊ" ಅಂದರು. ಅವನು ಕ್ಯಾರಿಯರ್ ಮೇಲೆ ಕೂತ. ಬಲ್ಬು ಧಗ್ ಅಂತ ಉರಿಯಿತು. ಎದ್ದ, ಆರಿತು. ಕೂತ, ಉರಿಯಿತು. ಅಂಗಡಿ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ಬಂದು ನಿಂತರು. ಮೂರು ನಾಲ್ಕು ಸಲ ಸುಮ್ಮನೆ ಕೂತು ಎದ್ದು ತೋರಿಸಿದ, ನೋಡುವವರ ಖುಷಿಗೆ.

ಮುಂದಿನದು ಕಾಲು ಗಂಟೆಯ ಕೆಲಸ. ಟೈಲ್ ಲೈಟಿಗೆ ಹೋಗುವ ವೈರನ್ನು ಸೀಟಿನ ಕೆಳಗೆ ಬಿಚ್ಚಿದರೆ ಕೂತರೂ ಬಲ್ಬು ಉರಿಯಲಿಲ್ಲ. ಅಲ್ಲಿಗೆ ಆ ಕವಲೇ ಅಂತಾಯಿತು. ಹಿಂದಿನ ಚಕ್ರ ಬಿಚ್ಚಿ, ಮಡ್‌ಗಾರ್ಡಿನ ಒಳಗೆ ಅಂಟಿದ್ದ ಕೆಸರು ಕೆರೆದರು. ಟೈಲ್ ಲೈಟಿನ ವೈರು ಅಲ್ಲಿ ಮಡ್‌ಗಾರ್ಡಿಗೆ ಅಂಟಿಕೊಂಡೇ ಹೋಗುತ್ತದೆ. ಕ್ಯಾರಿಯರನ್ನು ಬಿಗಿಯಲು ಹೊಸದಾಗಿ ತೂತು ಕೊರೆದು ಹಾಕಿದ ಒಂದು ಬೋಲ್ಟು, ಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದದ್ದು, ಒಳಗೆ ಚಾಚಿಕೊಂಡು ವೈರನ್ನು ಒತ್ತುತ್ತಿತ್ತು. ಕ್ಯಾರಿಯರಿಗೆ ಭಾರ ಬಿದ್ದಾಗ ಬೋಲ್ಟು ವಾಲಿ ಸಿಪ್ಪೆ ಕಿತ್ತ ತಾಮ್ರಕ್ಕೆ ತಾಗುತ್ತಿತ್ತು. ಭಾರ ಇಳಿದರೆ ಬಿಡುತ್ತಿತ್ತು. ಹಗಲಲ್ಲಿ ಲೈಟು ಹಾಕದ್ದರಿಂದ ಆ ವೈರಿನಲ್ಲಿ ಕರೆಂಟೇ ಇರಲಿಲ್ಲ, ಹಾಗಾಗಿ ಎಷ್ಟು ಮೂಟೆ ಹೇರಿದರೂ ಏನೂ ಆಗುತ್ತಿರಲಿಲ್ಲ. ರಾತ್ರಿ, ಲೈಟು, ಹಿಂದೆ ಹೊರೆ: ಮೂರೂ ಕೂಡಿದಾಗ ಮಾತ್ರ ಫ್ಯೂಸು.

ಇಡೀ ಗಾಡಿಗೆ ಒಂದೇ ಫ್ಯೂಸು ಇದ್ದುದರಿಂದ ಟೈಲ್ ಲೈಟಿನ ತಪ್ಪಿಗೆ ಹೆಡ್‌ಲೈಟೂ ಇಂಜಿನ್ನೂ ಶಿಕ್ಷೆ ಅನುಭವಿಸುತ್ತಿದ್ದವು. ಯಜಮಾನರು ಆ ಬೋಲ್ಟು ತೆಗೆದು ಗಿಡ್ಡದು ಹಾಕಿದರು. ಹೊಸ ವೈರನ್ನು ರಬ್ಬರ್ ಕೊಳವೆಯೊಳಗೆ ತೂರಿಸಿ ಬೇರೆ ದಾರಿಯಲ್ಲಿ ಕಟ್ಟಿದರು. ಟೈಲ್ ಲೈಟಿಗೆ ಬೇರೆಯದೇ ಸಣ್ಣ ಫ್ಯೂಸು ಇಟ್ಟರು. "ಇನ್ಮೇಲೆ ಹಿಂದ್ಲುದ್ದು ಹೋದ್ರೂ ಮುಂದ್ಲುದ್ದು ಉಳೀತದೆ, ಏರಿ ಮ್ಯಾಲೆ ನಿಲ್ಲಾಕಿಲ್ಲ."

ಬೋಲ್ಟು ಹಾಕಿದ್ದು ಯಾರು? ಕೇಳುವ ಧೈರ್ಯ ನಮಗಿರಲಿಲ್ಲ, ಆದರೂ ಕೇಳಿದೆವು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾನೇ ಕಣ್ರೋ. ಕಡ್ಡಿ ಹೊರೆ ಹೇರಕ್ಕೆ ಅಂತ ಹೋದ್ಸಲ ಕ್ಯಾರಿಯರ್ ಬಿಗಿ ಮಾಡಿದ್ದೆ" ಅಂದರು. ಮನೆಯಲ್ಲಿ ಬೋರ್‌ವೆಲ್ ಕೆಲಸಕ್ಕೆ ತಂದಿದ್ದ ಬೋಲ್ಟಂತೆ ಅದು.

ನಾಲ್ಕೂ ತಾಲ್ಲೂಕಿನಲ್ಲಿ ಸುತ್ತಿ ಇನ್ನಷ್ಟು ಜನ ಮೆಕ್ಯಾನಿಕ್‌ಗಳನ್ನು ಮಾತಾಡಿಸಿದ ಮೇಲೆ ನಮಗೆ ಕಂಡಿದ್ದೂ ಇದೇ. ಕಾರ್ಖಾನೆಯಲ್ಲಿ ಕಟ್ಟಿದ ವೈರು ತಾನಾಗಿ ಶಾರ್ಟ್ ಆಗುವುದು ಅಪರೂಪ ಅನ್ನುತ್ತಾರೆ ಅವರು. ಇಲಿ ಕಡಿದದ್ದು ಬಿಟ್ಟರೆ, ಆಮೇಲೆ ಯಾರೋ ಏನೋ ಕೂಡಿಸಿದ ಜಾಗದಲ್ಲೇ ಸಿಗುತ್ತದಂತೆ. ಕೆ.ಆರ್. ನಗರದ ಕಡೆ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ ಟ್ರೈಲರಿಗೆ ಹೋಗುವ ವೈರು ಕೊಕ್ಕೆಯ ಹತ್ತಿರ ನೆಲಕ್ಕೆ ಉಜ್ಜುತ್ತದೆ. ಫ್ಯೂಸು ಹೋಗುವ ತಲೆನೋವು ಬೇಡ ಅಂತ ಎಷ್ಟೋ ಜನ ಆ ವೈರನ್ನೇ ಕತ್ತರಿಸಿ ಬಿಡುತ್ತಾರೆ. ಹೀಗೆ ಹಿಂದೆ ಕೆಂಪು ದೀಪವಿಲ್ಲದ ಟ್ರೈಲರು ಕತ್ತಲಲ್ಲಿ ರಸ್ತೆಗೆ ಬರುತ್ತದೆ. ಕರ್ನಾಟಕದಲ್ಲಿ ಹೊಗೆಸೊಪ್ಪಿನ ಹರಾಜು 1984ರಲ್ಲಿ ಶುರುವಾದ ಮೇಲೆ ಹರಾಜು ಕಟ್ಟೆಗಳಿಗೆ ಬೇಲ್ ಹೇರಿಕೊಂಡು ನಸುಕಿನಲ್ಲೇ ಹೊರಡುವ ಗಾಡಿಗಳೂ ಸೇರಿಕೊಂಡವು. ಅಂಥ ಒಂದು ಟ್ರೈಲರಿನ ಹಿಂದಕ್ಕೆ ಗುದ್ದಿ ನಮ್ಮಲ್ಲೊಬ್ಬಳ ಸೋದರಮಾವ ಕಾಲು ಕಳೆದುಕೊಂಡರು. ಅಚ್ಚಿಗೆ ಲಾಟೀನು ಕಟ್ಟುತ್ತಿದ್ದ ಗಾಡಿಯವನಿಗೆ ಇದ್ದ ತಿಳಿವಳಿಕೆ ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿನವನಿಗೆ ಯಾಕಿಲ್ಲ ಎಂದು ಅವರು ಕೇಳುತ್ತಾರೆ. ನಮ್ಮ ಹತ್ತಿರ ಉತ್ತರವಿಲ್ಲ.

ಎಚ್.ಡಿ. ಕೋಟೆಯ ಕತೆ ಬೇರೆ. ನಾಗರಹೊಳೆ ಕಾಡಿನೊಳಗೆ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರ ತನಕ ಬಂದ್. ಆದರೆ ಕಾಡಂಚಿನ ಹಳ್ಳಿಗಳ ಒಳದಾರಿಗಳಿಗೆ ಗೇಟಿಲ್ಲ, ಆನೆಗೆ ಗಡಿಯಾರವಿಲ್ಲ. ಅಲ್ಲಿನ ಹುಡುಗರು ಬೈಕಿಗೆ ಎರಡೆರಡು ಎಲ್‌ಇಡಿ ಫಾಗ್ ಲ್ಯಾಂಪು ಹಾಕಿಸಿಕೊಳ್ಳುತ್ತಾರೆ. ತಪ್ಪು ಅನ್ನಲಾರೆವು, ದೂರದಿಂದಲೇ ಆನೆ ಕಾಣಬೇಕಲ್ಲ. ಆದರೆ ಅದಕ್ಕೆ ಕರೆಂಟನ್ನು ಹೆಡ್‌ಲೈಟಿನ ವೈರಿನಿಂದಲೇ ಕದಿಯುತ್ತಾರೆ, ಫ್ಯೂಸಿಲ್ಲದೆ, ಕಪ್ಪು ಟೇಪು ಸುತ್ತಿ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳಿಗೆ ಹೆಡ್‌ಲೈಟು ಆರಿಸುವ ಸ್ವಿಚ್ಚೇ ಇಲ್ಲ, ಇಂಜಿನ್ ಓಡಿದಷ್ಟು ಹೊತ್ತೂ ಆ ವೈರಿನಲ್ಲಿ ಕರೆಂಟು ಇರುತ್ತದೆ. ಬ್ಯಾಟರಿಯಿಂದ ನೇರವಾಗಿ ಬೇರೆ ವೈರು ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸು ಇಟ್ಟು, ರಿಲೇ ಹಾಕಿಸಿ ಅಂತ ಯಜಮಾನರು ಹೇಳುತ್ತಾರೆ. ಖರ್ಚು ಸ್ವಲ್ಪ ಹೆಚ್ಚು. ಆ ದೀಪವನ್ನು ನೆಲದ ಕಡೆ ಬಗ್ಗಿಸಿ ಕಟ್ಟಿ ಎನ್ನುವುದು ನಮ್ಮ ಮಾತು, ಎದುರು ಬರುವವರಿಗೂ ಕಣ್ಣಿದೆ.

ಜಾವಾವನ್ನು ಸಂಜೆ ಊರಿಗೆ ಓಡಿಸಿಕೊಂಡು ಬಂದೆವು, ದಪ್ಪಗಿರುವವನನ್ನು ಬೇಕಂತಲೇ ಹಿಂದೆ ಕೂರಿಸಿಕೊಂಡು. ಪಿರಿಯಾಪಟ್ಟಣ ದಾಟುವ ಹೊತ್ತಿಗೆ ಕತ್ತಲಾಗಿತ್ತು, ಲೈಟು ಆರಲಿಲ್ಲ. ಏರಿ ಮೇಲೂ ಆರಲಿಲ್ಲ. ದೊಡ್ಡಪ್ಪ ಅಂಗಳದಲ್ಲೇ ನಿಂತಿದ್ದರು. ನಾವು ಕೊಟ್ಟ ಉದ್ದದ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡರು.

ಮಾರನೇ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆ ಅದೇ ಹತ್ತು ಜನ ಇದ್ದರಂತೆ. ದೊಡ್ಡಪ್ಪ ಬೋಲ್ಟನ್ನು ಜೇಬಿನಿಂದ ತೆಗೆದು ಕ್ಯಾನ್ ಮುಚ್ಚಳದ ಮೇಲಿಟ್ಟು, ಏನಾಯಿತೆಂದು ಎಲ್ಲರಿಗೂ ಹೇಳಿದರಂತೆ. ಹುಡುಗ ಅಲ್ಲಿರಲಿಲ್ಲ. ಅವರೇ ಅವನ ಚಪ್ಪರಕ್ಕೆ ಹೋಗಿ ಬೈಕು ನಿಲ್ಲಿಸಿ, "ಇದ್ರ ಚೈನು ಸ್ವಲ್ಪ ಬಿಗಿ ಮಾಡ್ಕೊಡಪ್ಪ" ಅಂದರಂತೆ. ಚೈನು ಸರಿಯಾಗೇ ಇತ್ತು, ಹಿಂದಿನ ದಿನವಷ್ಟೇ ಹುಣಸೂರಿನಲ್ಲಿ ಬಿಗಿ ಮಾಡಿಸಿದ್ದೆವು. ಹುಡುಗ ಅದನ್ನು ನೋಡಿ, ಏನೂ ಹೇಳದೆ, ಒಂದು ಸುತ್ತು ಸಡಿಲ ಮಾಡಿ ಮತ್ತೆ ಬಿಗಿ ಮಾಡಿ ಕೊಟ್ಟನಂತೆ.